ಮೇಣವಿಲ್ಲದ ಹನಮಪ್ಪ

ಊಟವಾದ ಮೇಲಿನ ತರಗತಿಯ ಕಷ್ಟ ಅದನ್ನು ತೆಗೆದುಕೊಂಡವರಿಗೇ ಗೊತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದ ನನ್ನನ್ನು ಬೇಸಿಗೆಯ ರಜೆಯಲ್ಲಿ ಬಾದಾಮಿಗೆ ಕಳಿಸಿದ್ದರು. ಅಲ್ಲಿಯ ಒಂದು ಸಭಾಭವನದಲ್ಲಿ ಪ್ರವಾಸಿ ಗೈಡುಗಳಿಗೆ ಇಂಗ್ಲಿಷ್ ಮಾತು ಕಲಿಸುವುದು ನನ್ನ ಕೆಲಸ. ಮುಂದೆ ಕುಳಿತವರು ಬೆಳಗಿನಿಂದ ಗುಹೆಗಳ ಮೆಟ್ಟಿಲು ಹತ್ತಿ ಇಳಿದು ದಣಿದವರು. ಹೊಟ್ಟೆಯಲ್ಲಿ ರೊಟ್ಟಿ, ನೆತ್ತಿಯ ಮೇಲೆ ಫ್ಯಾನು. ಹಿಂದಿನ ಸಾಲಿನ ಹಿರಿಯ ಗೈಡ್ ಆಗಲೇ ಗೊರಕೆಗೆ ಇಳಿದಿದ್ದರು. ಅವರ ಪಕ್ಕದಲ್ಲಿದ್ದವನು ಮೊದಲು ಜೀಪು ಓಡಿಸುತ್ತಿದ್ದು ಈಚೆಗೆ ಗೈಡ್ ಆದವನು, ಹುನಗುಂದದ ಕಡೆಯ ಒಂದು ಹಳ್ಳಿಯ ದಪ್ಪ ಮೀಸೆಯ ಮನುಷ್ಯ. ಅವನಿಗೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಸಿದ್ಧಿಸಿತ್ತು.

ಅಂದಿನ ಪಾಠ, ಪರದೇಶದ ಪ್ರವಾಸಿಗಳಿಗೆ ಪತ್ರ ಬರೆಯುವುದು ಹೇಗೆ ಎಂಬುದು. ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಬರೆಯಿರಿ ಎಂದೆ.

ಮೀಸೆಯವನು ಎಚ್ಚರಾದ. “ಅಕ್ಕಾರ, ಸಾಲ್ಯಾಗಿಂದ ಇದನ್ನ ಬರಕೋಂತ ಬಂದೇವಿ. ಸಿನ್ಸಿಯರ್ ಅಂದ್ರ ಖರೆ ಏನ್ರಿ ಅದು?”

ಪ್ರಾಮಾಣಿಕ ಎಂದರೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆತನದಲ್ಲಿ ನಿದ್ದೆ ಓಡಿಸುವ ಔಷಧ ಒಂದೇ, ಅದು ಕಥೆ. ಇಳಕಲ್ಲಿನ ನನ್ನ ಅಜ್ಜಿಯ ಬಳಿ ಪ್ರತಿ ಊರಿಗೂ, ಪ್ರತಿ ಶಬ್ದಕ್ಕೂ ಒಂದು ಕಥೆ ಇತ್ತು. ಬೇವೂರಿನಲ್ಲಿ ಯಾವ ಬೇವಿನಮರ ಮೊದಲು ಚಿಗುರಿತು, ಬಾದಾಮಿಯ ವಾತಾಪಿಯನ್ನು ಅಗಸ್ತ್ಯರು ಹೇಗೆ ಅರಗಿಸಿಕೊಂಡರು ಎಂಬುದನ್ನೆಲ್ಲ ಆಕೆ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ನಾನು ಭಾಷೆ ಕಲಿತದ್ದು ಆಕೆಯ ಬಾಯಿಂದ. ಹಾಗಾಗಿ ಬಾಯಿ ಸುಮ್ಮನಿರಲಿಲ್ಲ.

“ಇದು ಲ್ಯಾಟಿನ್ ಶಬ್ದ,” ಎಂದೆ. “ಸಿನೆ ಎಂದರೆ ಇಲ್ಲದ, ಸೆರಾ ಎಂದರೆ ಮೇಣ. ಹಿಂದಕ್ಕೆ ರೋಮಿನಲ್ಲಿ ಶಿಲ್ಪಿಗಳಿದ್ದರು. ಕಲ್ಲಿನಲ್ಲಿ ಬಿರುಕು ಬಂದರೆ ಕೆಲವರು ಮೇಣ ತುಂಬಿ, ಕಲ್ಲಿನ ಪುಡಿ ಬಳಿದು ಮಾರುತ್ತಿದ್ದರು. ಕೊಂಡವರು ಮನೆಗೆ ಒಯ್ದು ಬಿಸಿಲಿಗೆ ಇಟ್ಟರೆ ಮೇಣ ಕರಗಿ ಮೂಗು ಕೆಳಗೆ! ಅದಕ್ಕೇ ಒಳ್ಳೆಯ ಶಿಲ್ಪಿಗಳು ತಮ್ಮ ಅಂಗಡಿಯ ಮುಂದೆ ‘ಸಿನೆ ಸೆರಾ’, ನಮ್ಮಲ್ಲಿ ಮೇಣವಿಲ್ಲ, ಎಂದು ಬರೆಸಿದರು. ಅದೇ ಸಿನ್ಸಿಯರ್.”

ತರಗತಿ ಎದ್ದು ಕುಳಿತಿತು. ಗೊರಕೆಯ ಹಿರಿಯರು ಸಹ ಕಣ್ಣುಜ್ಜಿಕೊಂಡು, “ಮೂಗು ಯಾರ್ದು ಬಿತ್ರಿ?” ಎಂದರು. ನಕ್ಕು ನಕ್ಕು ಸಾಕಾಯಿತು. ಹೊರಗೆ ಚಹಾ ಕುಡಿಯುವಾಗಲೂ ಅದೇ ಮಾತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಕಥೆಯನ್ನು ನಾನು ಎಲ್ಲಿಯೋ ಓದಿದ್ದೆ, ಎಲ್ಲಿ ಎಂಬುದು ನೆನಪಿರಲಿಲ್ಲ. ಅನುಮಾನವೂ ಇತ್ತು. ಅಷ್ಟು ಚಂದದ ಕಥೆಗಳು ಸಾಮಾನ್ಯವಾಗಿ ಖರೆ ಇರುವುದಿಲ್ಲ ಎಂಬುದು ಶಬ್ದಗಳ ಬೆನ್ನು ಹತ್ತಿದ ಎಲ್ಲರಿಗೂ ಗೊತ್ತು. ದೊಡ್ಡ ನಿಘಂಟು ನಮ್ಮ ಕಾಲೇಜಿನ ಗ್ರಂಥಾಲಯದಲ್ಲೇ ಇತ್ತು. ಹಿಂದೊಮ್ಮೆ ಕೈ ಅಲ್ಲಿಯವರೆಗೆ ಹೋಗಿಯೂ ಇತ್ತು. ತೆರೆಯಲಿಲ್ಲ. ಬೇಸರದಿಂದಲ್ಲ, ನೋಡಿದರೆ ಕಥೆ ಕೈಬಿಟ್ಟು ಹೋದೀತೆಂಬ ಅಂಜಿಕೆಯಿಂದ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಮೀಸೆಯವನು ಕಾಲೇಜಿಗೆ ಬಂದ. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. ಮುಖ ಅರಳಿತ್ತು.

“ಅಕ್ಕಾರ, ನಿಮ್ಮ ಪಾಠ ಕೆಲಸಕ್ಕ ಬಂತ್ರಿ! ನಮ್ಮೂರಿನ ಮಾನ ಉಳೀತು.”

ಅವನ ಊರಿನ ಹನಮಪ್ಪನ ಗುಡಿಯ ಹಳೆಯ ಮೂರ್ತಿ ಸವೆದುಹೋಗಿತ್ತು. ಹಿರಿಯರು ಪಟ್ಟದಕಲ್ಲಿನ ದಾರಿಯಲ್ಲಿರುವ ಒಬ್ಬ ಶಿಲ್ಪಿಗೆ ಹೊಸದನ್ನು ಕಡೆಯಲು ಒಪ್ಪಿಸಿದ್ದರು. ಒಯ್ಯಲು ಟಂಟಂ ಗಾಡಿ ಮಾಡಿಕೊಂಡು ಹೋದಾಗ ಇವನೂ ಜೊತೆಗಿದ್ದ. ಮೂರ್ತಿ ಕಾಡಿಗೆಯ ಹಾಗೆ ಮಿರುಗುತ್ತಿತ್ತು. ಎಲ್ಲರೂ ಕೈಮುಗಿದರು. ಇವನಿಗೆ ನನ್ನ ರೋಮ್ ನೆನಪಾಯಿತು.

“ನಾ ಸುಮ್ನ ಉಗುರ ಹಾಕಿ ಕೆರದೆ ನೋಡ್ರಿ, ಹೆಗಲ ಸಂದ್ಯಾಗ. ಉಗರಾಗ ಮ್ಯಾಣ! ‘ಏನಪಾ, ಇದೇನು?’ ಅಂದೆ. ಶಿಲ್ಪಿ, ‘ಮ್ಯಾಣ ಹಚ್ಚಲಿಲ್ಲಂದ್ರ ಕಳೆ ಬರೂದಿಲ್ಲೋ ಮಾರಾಯಾ’ ಅಂತ ಒದರಾಡಿದ. ನಾ ಬಿಡ್ತೇನೇನ್ರಿ? ರೋಮಿನ ಕಥಿ ಎಲ್ಲಾ ಹೇಳಿದೆ. ಕಾಲೇಜಿನ ಅಕ್ಕಾರ ಹೇಳ್ಯಾರ ಅಂದೆ. ಹಿರ್‍ಯಾರು ಮೂರ್ತಿ ಅಲ್ಲೇ ಬಿಟ್ಟು ಖಾಲಿ ಗಾಡಿ ತಿರುಗಿಸಿದ್ರು.”

ಓದುಗರೇ, ಮುಚ್ಚುಮರೆ ಬೇಡ. ನಾನು ಆಗ ಖುಷಿಪಟ್ಟೆ. ಚಹಾ ತರಿಸಿದೆ. ಕರದಂಟು ತಿನ್ನುತ್ತ, ಒಂದು ಶಬ್ದದ ಮೂಲ ಹಳ್ಳಿಯ ಜನರನ್ನು ಮೋಸದಿಂದ ಕಾಪಾಡಿತಲ್ಲ ಎಂದು ಬೀಗಿದೆ. ಇದನ್ನು ಒಂದು ಲೇಖನ ಮಾಡಬೇಕು ಎಂದುಕೊಂಡು, ಅವನು ಹೋದೊಡನೆ ಗ್ರಂಥಾಲಯಕ್ಕೆ ನಡೆದೆ. ಅಚ್ಚಿಗೆ ಹೋಗುವುದಾದರೆ ನಿಘಂಟು ನೋಡಲೇಬೇಕಲ್ಲ.

ನೋಡಿದೆ. ಲ್ಯಾಟಿನ್ ಮೂಲ ‘ಸಿನ್ಸೆರುಸ್’. ಅರ್ಥ: ಸ್ವಚ್ಛ, ಅಖಂಡ, ಕಲಬೆರಕೆಯಿಲ್ಲದ್ದು. ಮೊದಮೊದಲು ಇಂಗ್ಲಿಷಿನಲ್ಲಿ ಅದು ಮನುಷ್ಯರಿಗಷ್ಟೇ ಅಲ್ಲ, ವಸ್ತುಗಳಿಗೂ ಸಲ್ಲುತ್ತಿತ್ತು, ನೀರು ಬೆರೆಸದ ಹಾಲಿನಂಥವುಗಳಿಗೆ. ಮೊದಲ ತುಣುಕಿಗೆ ‘ಒಂದು’ ಎಂಬ ಅರ್ಥವಿರಬಹುದು, ಎರಡನೆಯದು ‘ಬೆಳೆ’ ಎಂಬ ಧಾತುವಿನಿಂದ ಬಂದಿರಬಹುದು: ಒಂದೇ ಬೆಳವಣಿಗೆಯದು. ಅದೂ ಇರಬಹುದು ಅಷ್ಟೇ. ಮೇಣದ ಕಥೆಗೆ ಮಾತ್ರ ಯಾವ ಆಧಾರವೂ ಇಲ್ಲ, ಹಿಂದಿನವರು ಕಟ್ಟಿದ್ದು ಎಂದು ಅಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಇನ್ನೆರಡು ಪುಸ್ತಕ ತೆಗೆದೆ. ಅವೂ ಅದನ್ನೇ ಅಂದವು. ಹಲ್ಲಿನ ಸಂದಿಯಲ್ಲಿ ಇನ್ನೂ ಕರದಂಟಿನ ಅಂಟು ಇತ್ತು.

ಬಸ್ಸು ಹಿಡಿದು ಬಾದಾಮಿ, ಅಲ್ಲಿಂದ ಪಟ್ಟದಕಲ್ಲಿನ ದಾರಿ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಥೆ ಸುಳ್ಳಾದರೂ ಬಿರುಕು ಖರೆ ಇರಬಹುದಲ್ಲ? ಶಿಲ್ಪಿ ನಿಜವಾಗಿಯೂ ಮೋಸಗಾರನಾಗಿದ್ದರೆ ನಾನು ಪಾರು. ಒಬ್ಬ ಮನುಷ್ಯ ಕಳ್ಳನಾಗಿರಲಿ ಎಂದು ನಾನು ಹಾರೈಸಿದ್ದು ಅದೊಂದೇ ಸಲ.

ಶಿಲ್ಪಿಯ ಕೆಲಸದ ಚಪ್ಪರ ರಸ್ತೆಗೆ ಹತ್ತಿಕೊಂಡೇ ಇತ್ತು. ಮುಂದೆ ಪ್ರವಾಸಿಗರಿಗೆ ಮಾರುವ ಸಣ್ಣ ಗಣಪತಿ, ಆನೆಗಳು. ಒಳಗೆ ಹನಮಪ್ಪ, ಮುಖ ಗೋಡೆಯ ಕಡೆಗೆ. ನಾನು ಯಾರೆಂದು ಹೇಳಿದೊಡನೆ ಶಿಲ್ಪಿ ಉಳಿಯನ್ನು ನೆಲಕ್ಕೆ ಒಗೆದ.

“ಓಹೋ, ರೋಮಿನ ಅಕ್ಕಾರು ನೀವೇನು! ಬರ್‍ರಿ, ಬರ್‍ರಿ. ನಮ್ಮ ಮೂಗು ಬಿದ್ದೈತೋ ಇಲ್ಲೋ ನೋಡಾಕ ಬಂದೀರೇನು?”

“ತಪ್ಪು ನನ್ನದು…” ಎಂದು ನಾನು ತೊದಲಿದೆ.

“ನಿಮ್ಮದು ತಪ್ಪು, ನಮ್ಮದು ಬಾಳೇವು. ಎರಡು ಊರಿನವರು ಒಪ್ಪಿಸಿದ ಕೆಲಸ ವಾಪಸ್ ತಗೊಂಡ್ರು. ಭಿನ್ನ ಮೂರ್ತಿ ಮಾಡಾಂವ ಅಂತ ಹೆಸರು ಬಂದ ಮ್ಯಾಲೆ ಯಾರ ಬರ್ತಾರ ನನ್ನ ಕಡೆ?”

ನಮ್ಮ ಕಡೆ ಭಿನ್ನವಾದ ಮೂರ್ತಿಗೆ, ಅಂದರೆ ಬಿರುಕೋ ಮುಕ್ಕೋ ಇರುವ ಮೂರ್ತಿಗೆ, ಪೂಜೆ ಸಲ್ಲದು. ಅದನ್ನು ಹೊಳೆಗೆ ಬಿಡುತ್ತಾರೆ. ಶಿಲ್ಪಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅವನ ಹೆಂಡತಿ ನೀರು ಕೊಟ್ಟಳು. ಆಕೆಯ ಅಂಗೈ ಎಣ್ಣೆ ಹಚ್ಚಿದ ಕಟ್ಟಿಗೆಯ ಹಾಗೆ ಕಪ್ಪಾಗಿ ಹೊಳೆಯುತ್ತಿತ್ತು. ಕಡೆಯುವುದು ಗಂಡನ ಕೆಲಸ, ಕಳೆ ತರುವುದು ಆಕೆಯದು ಎಂಬುದು ಆಗ ತಿಳಿಯಿತು. ಉಳಿಯ ಕೆಲಸ ಮುಗಿದಾಗ ಕರಿಕಲ್ಲು ಕರಿ ಇರುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸಾಣೆಕಲ್ಲಿನಿಂದ ನೀರು ಹಾಕಿ ಹಾಕಿ ತಿಕ್ಕಬೇಕು. ಆಮೇಲೆ ಬಿಸಿಲಿನಲ್ಲಿಟ್ಟು, ಕಲ್ಲು ಕೈ ಸುಡುವಷ್ಟು ಕಾದ ಮೇಲೆ ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಅಂಗೈಯಿಂದ ಉಜ್ಜಬೇಕು. ಬಟ್ಟೆಯಿಂದ ಆಗದು, ಬೆರಳ ಸಂದಿ, ಕಿವಿಯ ಹಿಂದೆ ಅದು ಹೋಗದು. ಆಕೆ ಮದುವೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತದ್ದು.

“ಕಲ್ಲಿಗೆ ಜೀವ ಬರೂ ಹೊತ್ತು ಅದರಿ,” ಎಂದಳು ಆಕೆ. ಅಷ್ಟೇ ಹೇಳಿದಳು. ಗಂಡನ ಬೈಗುಳಕ್ಕಿಂತ ಅದು ಹೆಚ್ಚು ತಾಕಿತು.

ಮೊದಲು ಮೀಸೆಯವನನ್ನು ಹಿಡಿದೆ. ಗುಹೆಗಳ ಕೆಳಗಿನ ಚಹಾದಂಗಡಿಯಲ್ಲಿ ವಿಷಯ ಹೇಳಿದೆ. ಅವನ ಮುಖದ ನಗೆ ಆರಿತು.

“ನೀವ ಹೇಳಿದ್ರಿ, ನಾ ಕಲ್ತೆ. ಈಗ ಅದು ಸುಳ್ಳು ಅಂದ್ರ ಹೆಂಗ್ರಿ? ಊರಾಗ ನನ್ನ ಮೀಸಿ ಏನಾಗಬೇಕು?”

“ನಿನ್ನ ಮೀಸೆ ಮತ್ತೆ ಬೆಳೀತದಪ್ಪ. ಆ ಶಿಲ್ಪಿಯ ಹೆಸರು ಮತ್ತೆ ಬರ್ತದೇನು?”

“ಅದೆಲ್ಲಾ ಖರೆ. ಆದ್ರ ಊರವರ ಮುಂದ ನೀವ ಬಂದು ಹೇಳ್ರಿ. ನನ್ನ ಬಾಯಿಂದ ಆಗೂದಿಲ್ಲ.”

ಇನ್ನೊಬ್ಬರ ಮೂಲಕ ಹೇಳಿಸಿ ಕೈತೊಳೆದುಕೊಳ್ಳುವ ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರ ಅವನ ಜೊತೆ ಹಳ್ಳಿಗೆ ಹೋದೆ. ನಾನು ಮಾಡಿದ ಎರಡನೆಯ ಮೂರ್ಖತನ ಎಂದರೆ ನಿಘಂಟಿನ ಪುಟದ ಪ್ರತಿ ಮಾಡಿಸಿಕೊಂಡು ಹೋದದ್ದು. ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ನಾನು ಕಾಗದ ಬಿಚ್ಚಿ ಲ್ಯಾಟಿನ್ನು, ಧಾತು, ಬೆಳವಣಿಗೆ ಎಂದು ಶುರು ಮಾಡಿದೆ. ಕಾಲೇಜಿನಲ್ಲಿ ಮಾಡುವಂತೆಯೇ ಮಾಡಿದೆ.

ಒಬ್ಬ ಮುದುಕರು ತಂಬಾಕು ತಿಕ್ಕುತ್ತ ಕೇಳಿದರು: “ಬಾಯಾರ, ಮೊದಲ ಹೇಳಿದ್ದೂ ಬುಕ್ಕಿಂದ, ಈಗ ಹೇಳೂದೂ ಬುಕ್ಕಿಂದ?”

“ಹೌದ್ರಿ.”

“ಮುಂದಿನ ವಾರ ಮತ್ತ ಯಾವ ಬುಕ್ಕ ತರ್ತೀರಿ?”

ಕಟ್ಟೆ ನಗೆಯಿಂದ ಅಲ್ಲಾಡಿತು. ಮೀಸೆಯವನು ತಲೆ ತಗ್ಗಿಸಿದ. ನಾನು ಕಾಗದ ಮಡಚಿದೆ. ಅಲ್ಲಿಂದ ಎದ್ದು ಬರಬಹುದಿತ್ತು. ಹೇಳಿದೆ, ಕೇಳಲಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಬದುಕಬಹುದಿತ್ತು. ಬಸ್ಸಿನ ಹೊತ್ತೂ ಆಗಿತ್ತು. ಚಪ್ಪಲಿಗೆ ಕಾಲು ತೂರಿಸಿದವಳು ಅಲ್ಲೇ ನಿಂತೆ.

“ಬುಕ್ಕಿನದು ಬಿಡ್ರಿ,” ಎಂದೆ. “ನಾ ಹೇಳಿದ್ದು ಗೊತ್ತಿದ್ದು ಹೇಳಿದ್ದಲ್ಲ. ಮಂದಿ ನಿದ್ದಿ ಮಾಡಾಕತ್ತಿದ್ರು, ಎಬ್ಬಿಸಾಕ ಹೇಳಿದೆ. ಖರೆನೋ ಸುಳ್ಳೋ ನೋಡಿರಲಿಲ್ಲ. ನೋಡಬಾರದು ಅಂತನ ನೋಡಿರಲಿಲ್ಲ. ಆ ಮನುಷ್ಯಾನ ಕಲ್ಲಿನ ಬಗ್ಗೆ ನನಗ ಆಗೂ ಗೊತ್ತಿರಲಿಲ್ಲ, ಈಗೂ ಗೊತ್ತಿಲ್ಲ.”

ಯಾರೂ ನಗಲಿಲ್ಲ. ಗುಡಿಯ ಪೂಜಾರಿ ಬಾಯಿ ತೆರೆದರು: “ಮಾತಿಂದ ಆದ ಅನುಮಾನ ಮಾತಿಂದ ಹೋಗೂದಿಲ್ರಿ. ಕಲ್ಲ ನೋಡೂಣು. ಅವಾ ಮ್ಯಾಣ ಪೂರಾ ತಗೀಲಿ, ನಮ್ಮ ಕಣ್ಣ ಮುಂದ. ಒಪ್ತಾನೇನು?”

ಒಪ್ಪಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ಶಿಲ್ಪಿ ಮೊದಲು ಹಾರಾಡಿದ. ನನ್ನ ಕೆಲಸಕ್ಕೆ ನಾನೇ ಪರೀಕ್ಷೆ ಕೊಡಬೇಕೇ ಎಂದ. ಆಮೇಲೆ ಅರೆಮನಸ್ಸಿನಿಂದ ಒಪ್ಪಿದ. ಅವನಿಗೂ ಒಳಗೊಳಗೇ ಒಂದು ಹೆದರಿಕೆ ಇತ್ತು: ಕಲ್ಲಿನ ಹೊಟ್ಟೆಯಲ್ಲಿ ಕೂದಲೆಳೆಯ ಸೀಳು ಎಲ್ಲಿ ಅಡಗಿರುತ್ತದೋ ಕಡೆದವನಿಗೂ ಖಾತ್ರಿ ಇರುವುದಿಲ್ಲ. ಇದ್ದರೆ ಈಗ ಎಲ್ಲರೆದುರು ಕಾಣುತ್ತದೆ. ಹೆಂಡತಿ ಒಲ್ಲೆ ಎಂದಳು. “ಇದ್ದಂಗ ಬಿಡ್ರಿ. ತಗದ್ರ ಮತ್ತ ಹಚ್ಚಾಕ ಕೊಡೂದಿಲ್ಲ ಅವರು,” ಎಂದಳು. ನಾವಿಬ್ಬರೂ ಆಕೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಶಿಲ್ಪಿಗೆ ಹೆಸರು ಬೇಕಾಗಿತ್ತು, ನನಗೆ ಬಿಡುಗಡೆ ಬೇಕಾಗಿತ್ತು.

ಮಳೆ ಬಿಡುವು ಕೊಟ್ಟ ದಿನ ಹಿರಿಯರು ಬಂದರು. ಹನಮಪ್ಪನನ್ನು ನಾಲ್ವರು ಹಿಡಿದು ಅಂಗಳಕ್ಕೆ ತಂದರು. ದೊಡ್ಡ ಹಂಡೆಯಲ್ಲಿ ಬಟ್ಟೆ ಒಗೆಯುವ ಸೋಡಾ ಹಾಕಿ ನೀರು ಕಾಯಿಸಿದ್ದರು. ಬಿಸಿನೀರು ಹೊಯ್ಯುವುದು, ತೆಂಗಿನ ನಾರಿನಿಂದ ತಿಕ್ಕುವುದು, ಮತ್ತೆ ಹೊಯ್ಯುವುದು. ಮೊದಲ ತಂಬಿಗೆಗಳ ನೀರು ಕಲ್ಲಿನ ಮೇಲೆ ನಿಲ್ಲದೆ ಮುತ್ತಾಗಿ ಉರುಳಿತು. ಆಮೇಲೆ ನೀರಿನ ಮೇಲೆ ಜಿಡ್ಡು ತೇಲಿತು. ತಿಕ್ಕುತ್ತಿದ್ದವಳು ಶಿಲ್ಪಿಯ ಹೆಂಡತಿ. ಬೇರೆ ಯಾರ ಕೈಗೂ ಆಕೆ ನಾರು ಕೊಡಲಿಲ್ಲ. ತಾನೇ ಹಚ್ಚಿದ ಕಪ್ಪು, ಆಕೆಯ ಕೈಯಿಂದಲೇ ಇಳಿಯುತ್ತ ಹೋಯಿತು. ಕೊನೆಗೆ ಹನಮಪ್ಪ ಬೂದಿ ಬಡಿದವನಂತೆ ನಿಂತ.

“ಈಗ ತಣ್ಣೀರು,” ಎಂದರು ಪೂಜಾರಿ. ತಲೆಯಿಂದ ಪಾದದವರೆಗೆ ನೀರು ಸುರಿದು, ಒಣಬಟ್ಟೆಯಿಂದ ಒರೆಸಿ ಬಿಸಿಲಿಗೆ ಬಿಟ್ಟರು. ಬಿರುಕಿಲ್ಲದ ಕಡೆ ಬೇಗ ಆರುತ್ತದೆ. ಬಿರುಕಿದ್ದ ಕಡೆ ಕಲ್ಲು ನೀರು ಕುಡಿದಿರುತ್ತದೆ, ಹಸಿಯ ಗೆರೆ ಉಳಿಯುತ್ತದೆ. ಎದೆ ಆರಿತು. ತೋಳು ಆರಿತು. ಗದೆ ಆರಿತು. ಬಾಲ ಬಾಗಿ ತಲೆಯ ಕಡೆಗೆ ಏರುವಲ್ಲಿ ಒಂದು ಕಪ್ಪು ಗೆರೆ ಹಾಗೆಯೇ ಉಳಿಯಿತು.

ತಂಬಾಕಿನ ಮುದುಕರು ಬಗ್ಗಿ ನೋಡಿದರು. ಮೀಸೆಯವನು ನನ್ನನ್ನು ನೋಡಿದ. ಶಿಲ್ಪಿಯ ಮುಖದಲ್ಲಿ ರಕ್ತವಿರಲಿಲ್ಲ. ಬಸ್ಸಿನಲ್ಲಿ ಕುಳಿತು ನಾನು ಹಾರೈಸಿದ್ದು ನೆನಪಾಯಿತು. ಈಗ ಅದೇ ಕೈಗೂಡಿಬಿಟ್ಟರೆ?

ಶಿಲ್ಪಿ ಸಣ್ಣ ಸುತ್ತಿಗೆ ತೆಗೆದುಕೊಂಡು ಗೆರೆಯ ಈಚೆ ತಟ್ಟಿದ. ಕಣ್ ಎಂದಿತು. ಆಚೆ ತಟ್ಟಿದ. ಕಣ್ ಎಂದಿತು. ಪೂಜಾರಿ ಕಿವಿ ಹಚ್ಚಿ, “ಇನ್ನೊಮ್ಮೆ,” ಎಂದರು. ಒಡಕಿದ್ದರೆ ದನಿ ಬದಲಾಗಬೇಕಿತ್ತು, ಕಲ್ಲು ಒಂದೇ ಸ್ವರದಲ್ಲಿ ಮಾತಾಡಿತು. ಆದರೂ ಗೆರೆ ಆರಲಿಲ್ಲ. ಹಂಡೆಯ ಕೆಳಗಿನ ಕೆಂಡ ಚಟಚಟ ಎನ್ನುತ್ತಿತ್ತು. ಆಗ ಹೆಂಡತಿ ಬಂದು ಸೆರಗಿನ ತುದಿಯನ್ನು ಕಡ್ಡಿಯಂತೆ ಹೊಸೆದು ಆ ಗೆರೆಯೊಳಗೆ ಎಳೆದಳು. ಬಾಲಕ್ಕೂ ಬೆನ್ನಿಗೂ ನಡುವೆ ಉಳಿ ಆಳವಾಗಿ ಬಿಡಿಸಿದ ಸಂದು ಅದು. ಸೋಡಾದ ಕೊಳೆ ಕಟ್ಟಿ ನೀರು ನಿಂತಿತ್ತು. ನೋಡನೋಡುತ್ತ ಬೂದಿ ಬಣ್ಣಕ್ಕೆ ತಿರುಗಿತು.

“ಅಖಂಡ ಐತಿ,” ಎಂದರು ಪೂಜಾರಿ.

ಮೀಸೆಯವನು ಎಲ್ಲರ ಮುಂದೆ ಶಿಲ್ಪಿಯ ಕೈ ಹಿಡಿದುಕೊಂಡ. “ಲೇ, ಉಗುರು ತೆಗಸಿಕೊಂಡು ಬಂದೀಯೋ ಇಲ್ಲೋ?” ಎಂದು ಶಿಲ್ಪಿ ಗದರಿದ. ಎಲ್ಲರೂ ನಕ್ಕರು. ಹೆಂಡತಿ ಒಳಗೆ ಹೋಗಿ ಮೇಣದ ಗಡಿಗೆ ತಂದು ಇಟ್ಟಳು. ಬಿಸಿಲು ಚೆನ್ನಾಗಿತ್ತು, ಕಲ್ಲು ಕಾದಿತ್ತು.

“ಬ್ಯಾಡವ್ವ,” ಎಂದರು ಮುದುಕರು ಮೆಲ್ಲಗೆ. “ಮತ್ತ ಅನುಮಾನ ಯಾಕ? ನಾವು ದಿನಾ ಎಣ್ಣಿ ಹಾಕ್ತೇವಿ. ನಮ್ಮ ಕೈಯಾಗ ತಾನ ಕರ್‍ರಗ ಆಗ್ತಾನ.”

ಬೂದಿ ಬಣ್ಣದ ಹನಮಪ್ಪ ಟಂಟಂ ಏರಿದ.

ಕೆಲಸ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ದಸರೆಯ ಹೊತ್ತಿಗೆ ಬಾದಾಮಿಯಲ್ಲಿ ಹೊಸ ತರಗತಿ ಶುರುವಾಯಿತು. ಈ ಸಲ ಸಿನ್ಸಿಯರ್ ಬಂದಾಗ, ಕಲಬೆರಕೆ ಇಲ್ಲದ್ದು ಎಂದು ಅರ್ಥ, ಅದರಾಚೆಯ ಮೂಲ ಖಚಿತವಾಗಿ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬ ಮಾತಿಗೆ ಯಾರ ನಿದ್ದೆಯೂ ಹಾರಲಿಲ್ಲ. ಬಿಡುವಿನ ದಿನ ಪಟ್ಟದಕಲ್ಲಿಗೆ ಹೋದಾಗ ಶಿಲ್ಪಿಯ ಚಪ್ಪರದ ಮುಂದೆ ಗುಂಪು ನಿಂತಿತ್ತು. ನಡುವೆ ನಮ್ಮ ಮೀಸೆಯವನು ಸಣ್ಣ ಗಣಪತಿಯನ್ನು ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಕೂಗುತ್ತಿದ್ದ: ರೋಮು, ಬಿರುಕು, ಸಿನೆ ಸೆರಾ. ಇಡೀ ನನ್ನ ಕಥೆ, ಬಿದ್ದ ಮೂಗಿನ ಸಮೇತ. ಕೊನೆಗೆ, ಇಲ್ಲಿ ಮೇಣವಿಲ್ಲ, ಈತ ಸಿನ್ಸಿಯರ್ ಶಿಲ್ಪಿ! ಪ್ರವಾಸಿಗರು ಉಗುರಿನಿಂದ ಕೆರೆದು ನೋಡಿ, ತಲೆಯಾಡಿಸಿ ಕೊಳ್ಳುತ್ತಿದ್ದರು. ಅಂಗಡಿಯ ತುಂಬ ಬೂದಿ ಬಣ್ಣದ ಗಣಪತಿಗಳು.

ಮುಂದೆ ಹೋದ ನನ್ನನ್ನು ಶಿಲ್ಪಿ ತಡೆದ. “ಅಕ್ಕಾರ, ಸುಮ್ನಿರ್‍ರಿ. ಆ ಸುಳ್ಳ ಕಥೀನ ಈಗ ನಮ್ಮನ್ನ ಸಾಕಾಕತ್ತೈತಿ. ನೀವು ಖರೆ ಹೇಳಿ ಮತ್ತ ಕೆಡಸಬ್ಯಾಡ್ರಿ.”

ರೋಮಿನಲ್ಲಿ ಎಂದೂ ನಡೆಯದ ಸಂಗತಿ ಮಲಪ್ರಭೆಯ ದಂಡೆಯ ಮೇಲೆ ನಡೆದುಹೋಗಿತ್ತು. ಸುಳ್ಳನ್ನು ಗಟ್ಟಿ ದನಿಯಲ್ಲಿ ಹೇಳಿದವಳಿಗೆ ಖರೆಯನ್ನು ಪಿಸುಗುಟ್ಟಲೂ ಜಾಗ ಉಳಿದಿರಲಿಲ್ಲ.

ಊಟಕ್ಕೆ ಒಳಗೆ ಕರೆದರು. ಶಿಲ್ಪಿಯ ಹೆಂಡತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅಂಗೈಯ ಹೊಳಪು ಹೋಗಿತ್ತು. ಬರೇ ಹಿಟ್ಟು ಹತ್ತಿದ ಕೈ, ಎಲ್ಲರ ಕೈಯಂಥ ಕೈ. ಮೇಣದ ಗಡಿಗೆ ಮೂಲೆಯಲ್ಲಿ ಬೋರಲಾಗಿತ್ತು. ನಾನು ಅದನ್ನು ನೋಡುವುದನ್ನು ಆಕೆ ನೋಡಿದಳು.

“ಅಕ್ಕಾರ, ಆ ಶಬ್ದದ್ದು ಖರೆ ಹುಟ್ಟು ಎಲ್ಲೀದ್ರಿ?” ಎಂದು ಕೇಳಿದಳು.

“ಒಂದ ಬೆಳಿ, ಬೆರಕಿ ಇಲ್ಲದ್ದು ಅಂತ ಇರಬಹುದವ್ವ,” ಎಂದೆ. “ಖರೆ ಹೇಳಬೇಕಂದ್ರ, ಗೊತ್ತಿಲ್ಲ.”

ಆಕೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅವತ್ತ ಇಷ್ಟ ಅಂದಿದ್ರ ಆಗ್ತಿತ್ತಲ್ರಿ,” ಎಂದು, ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.